ಏಳು ಸಂಜೆಯ ಒಲೆ

ಪರ್ತ್: ಹುಲ್ಲಿನ ತಪ್ಪು

ಪರ್ತ್ ವಿಮಾನ ನಿಲ್ದಾಣದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಭತ್ತದ ಹುಲ್ಲು. ಚಟ್ನಿಪುಡಿ, ಹುರಿಹಿಟ್ಟು, ನಿಪ್ಪಟ್ಟು ಎಲ್ಲವನ್ನೂ ಫಾರಮ್ಮಿನಲ್ಲಿ ಗುರುತು ಹಾಕಿ ಒಪ್ಪಿಕೊಂಡಿದ್ದೆ. ಅವುಗಳ ಬಗ್ಗೆ ಅಧಿಕಾರಿ ಹೆಂಗಸು ಒಂದು ಮಾತೂ ಆಡಲಿಲ್ಲ. ದೊಡ್ಡ ರಟ್ಟಿನ ಪೆಟ್ಟಿಗೆಯ ಬಾಯಿ ಬಿಚ್ಚಿದಾಗ ಮಾತ್ರ ಎರಡು ಹೆಜ್ಜೆ ಹಿಂದೆ ಸರಿದಳು, ಒಳಗೆ ಹಾವು ಕಂಡವಳ ಹಾಗೆ.

ಹುಲ್ಲು, ಬೀಜ, ಮಣ್ಣು ಈ ದೇಶದೊಳಗೆ ಬರಕೂಡದಂತೆ. ನಮ್ಮ ಮನೆಯಲ್ಲಿ ಗಡಿಗೆಯನ್ನು ಎಲ್ಲಿಗೆ ಕಳಿಸಿದರೂ ಹುಲ್ಲಿನಲ್ಲಿಟ್ಟೇ ಕಳಿಸುವುದು. ಅಪ್ಪ ಸಂತೆಗೆ ಗಾಡಿ ಹೂಡುತ್ತಿದ್ದ ಕಾಲದಿಂದಲೂ ಹಾಗೆಯೇ. ಬೇರೆ ರೀತಿ ಕಟ್ಟಬಹುದು ಎಂಬ ಯೋಚನೆ ನನಗಾಗಲಿ ನನ್ನ ತಮ್ಮ ಸಿದ್ದರಾಜುವಿಗಾಗಲಿ ಬಂದಿರಲಿಲ್ಲ. ಆಕೆ ಕೈಗವಸು ಹಾಕಿಕೊಂಡು ಒಂದೊಂದು ಎಳೆಯನ್ನೂ ಆರಿಸಿ ಹಳದಿ ಚೀಲಕ್ಕೆ ತುಂಬಿದಳು. ಆಮೇಲೆ ಪೆಟ್ಟಿಗೆಯಿಂದ ಹೊರಬಂದ ವಸ್ತುವನ್ನು ಸುತ್ತ ನೋಡಿ, ಬೆರಳಿನಿಂದ ತಟ್ಟಿದಳು. ಕಂಚಿನ ತಟ್ಟೆಯಂತೆ ನಾದ ಬಂತು.

"ಚಿಮಿನೇಯಾ?" ಎಂದಳು.

ಹೌದು ಎಂದೆ. ಆಕೆ ಮೊದಲ ಬಾರಿ ನಕ್ಕಳು. ನನ್ನ ನಾಲ್ಕು ಸೀರೆಗಳನ್ನೇ ಹುಲ್ಲಿನ ಜಾಗಕ್ಕೆ ತುರುಕಿ ಪೆಟ್ಟಿಗೆ ಮತ್ತೆ ಕಟ್ಟಿಕೊಂಡು ಹೊರಬಂದೆ.

ಚಿಮಿನೇಯಾ ಎಂದರೆ ಮೆಕ್ಸಿಕೋ ದೇಶದವರ ಮಣ್ಣಿನ ಒಲೆ. ಅಡುಗೆಯದಲ್ಲ, ಹಿತ್ತಲಲ್ಲಿ ಚಳಿ ಕಾಯಿಸಿಕೊಳ್ಳುವುದು. ತುಂಬು ಬಸುರಿಯಂಥ ಹೊಟ್ಟೆ, ಹೊಟ್ಟೆಯ ಮುಂದೊಂದು ಬಾಯಿ, ಮೇಲೆ ಹೊಗೆ ಹೋಗಲು ನೀಳವಾದ ಕತ್ತು. ಆಸ್ಟ್ರೇಲಿಯಾದ ಹಿತ್ತಲುಗಳಲ್ಲಿ ಇದಕ್ಕೆ ಬೇಡಿಕೆ ಇದೆ ಎಂದು ನಮಗೆ ಹೇಳಿದ್ದು ನನ್ನ ಮೈದುನ ಮಹದೇವ. ಅವನು ಬ್ರಿಸ್ಬೇನಿನಲ್ಲಿ ಡಾಕ್ಟರು. ಹಿಂದಿನ ಸಲ ಊರಿಗೆ ಬಂದಾಗ ಸಿದ್ದರಾಜುವಿಗೆ ಫೋನಿನಲ್ಲಿ ಚಿತ್ರ ತೋರಿಸಿ, "ಇದನ್ನ ಮಾಡಕ್ಕಾಗುತ್ತೇನೋ? ಅಡಿಲೇಡಲ್ಲಿ ಒಬ್ರ ಗಾರ್ಡನ್ ಅಂಗಡಿ ಇದೆ, ನಾನು ಮಾತಾಡ್ತೀನಿ" ಎಂದಿದ್ದ.

ನಂಜನಗೂಡಿನ ಆಚೆ ನಮ್ಮ ಕುಂಬಾರ ಬೀದಿಯಲ್ಲಿ ಈಗ ತಿಗರಿ ತಿರುಗುವುದು ಸಿದ್ದರಾಜುವಿನ ಮನೆಯಲ್ಲಿ ಮಾತ್ರ. ದೀಪಾವಳಿಗೆ ಹಣತೆ, ಮದುವೆಗೆ ಅರಿವೇಣಿಯ ಗಡಿಗೆ ಬಿಟ್ಟರೆ ಕೇಳುವವರಿಲ್ಲ. ಆ ಚಿತ್ರ ನೋಡಿಕೊಂಡು ಐದು ತಿಂಗಳು ಒದ್ದಾಡಿದ. ಮೊದಲಿನವು ಕತ್ತು ಬಾಗಿದವು, ಹೊಟ್ಟೆ ಕುಸಿದವು. ಕೊನೆಗೊಂದು ಆವಿಗೆಯಲ್ಲಿ ಹನ್ನೆರಡು ಒಲೆ ಸುಟ್ಟು ತೆಗೆದ. ಹನ್ನೆರಡೂ ಸರಿಯಾಗಿ ಬಂದವು. ಅದರಲ್ಲಿ ಒಂದನ್ನು ನನ್ನ ಕೈಯಲ್ಲಿ ಕಳಿಸಿದ. ಅಂಗಡಿಯವರು ಮೆಚ್ಚಿದರೆ ಉಳಿದ ಹನ್ನೊಂದು ಹಡಗು ಹತ್ತುತ್ತವೆ, ಅವನು ಕಸುಬಿನಲ್ಲೇ ಉಳಿಯುತ್ತಾನೆ. ಮೆಚ್ಚದಿದ್ದರೆ ಆವಿಗೆ ಕಿತ್ತು ಫ್ಯಾಕ್ಟರಿ ಗೇಟಿನಲ್ಲಿ ವಾಚ್‌ಮನ್ ಕೆಲಸಕ್ಕೆ ಹೋಗುತ್ತೇನೆ ಎಂದು ಹೆಂಡತಿಗೆ ಮಾತು ಕೊಟ್ಟಿದ್ದ. ನಾನು ಅಂಗನವಾಡಿಗೆ ರಜೆ ಹಾಕಿ ವಿಮಾನ ಹತ್ತಿದ್ದು ದೇಶ ನೋಡಲು ಎಂದು ಎಲ್ಲರಿಗೂ ಹೇಳಿದ್ದೆ. ದೇಶ ನೋಡಿದ್ದೂ ನಿಜ.

ಪರ್ತಿನಲ್ಲಿ ಆರು ದಿನ ಇದ್ದದ್ದು ಕಾವ್ಯಳ ಹತ್ತಿರ. ನಮ್ಮೆಜಮಾನರ ತಂಗಿಯ ಮಗಳು. ಓದುತ್ತ, ವೃದ್ಧಾಶ್ರಮದಲ್ಲಿ ಪಾರ್ಟ್ ಟೈಮ್ ಕೆಲಸ ಮಾಡುತ್ತ ಇರುವವಳು. ಆ ಊರಿನ ನಡುವೆ ಟಿಕೆಟ್ ಇಲ್ಲದ ಬಸ್ಸು ಓಡಾಡುತ್ತದೆ. ನಾನು ಎರಡು ಸಲ ಸುಮ್ಮನೆ ಸುತ್ತು ಹಾಕಿದೆ. ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರೆ, ಮೊಣಕಾಲೆತ್ತರದ ಬೂಟು ಹಾಕಿದ ಗಣಿ ಕೆಲಸದವರೂ, ಕಿವಿಗೆ ವೈರು ಸಿಕ್ಕಿಸಿಕೊಂಡ ಹುಡುಗಿಯರೂ. ನಾನೂ ಹೇಳಿದೆ. ನಮ್ಮಲ್ಲಿ ಕಂಡಕ್ಟರನಿಗೆ ಹೀಗೆ ಹೇಳಿದರೆ ಚಿಲ್ಲರೆ ಬಾಕಿ ಕೇಳುವುದಕ್ಕೆ ಪೀಠಿಕೆ ಎಂದುಕೊಂಡಾನು.

ಕಾವ್ಯಳ ಬಾಡಿಗೆ ಮನೆಯ ಹಿತ್ತಲಲ್ಲೇ ನಾನು ನಿಜವಾದ ಮೆಕ್ಸಿಕೋ ಒಲೆಯನ್ನು ಮೊದಲು ಕಂಡದ್ದು. ಹಿಂದೆ ಯಾರೋ ಬಿಟ್ಟುಹೋದದ್ದು. ಹೊಟ್ಟೆಯ ಮೇಲೆ ಹಲ್ಲಿಯ ಚಿತ್ರ, ಬಾಯಿಯಿಂದ ಕತ್ತಿನವರೆಗೆ ಸೀಳು, ಸೀಳಿಗೆ ಸುತ್ತಿದ ತಂತಿ. ಒಳಗೆ ಮಳೆನೀರು, ಸಿಗರೇಟಿನ ತುಂಡು, ಬಾಟಲಿಯ ಮುಚ್ಚಳ.

"ಅದನ್ಯಾಕೆ ತೊಳೀತಿದೀರ ಅತ್ತೆ? ಎಸೆಯೋ ಸಾಮಾನು ಅದು," ಎಂದಳು ಕಾವ್ಯ.

"ಒಲೆಯೊಳಗೆ ಎಂಜಲು ಮುಚ್ಚಳ ಇರಬಾರದು ಕಣೆ."

"ಇಲ್ಲಿ ಅದು ಒಲೆ ಅಲ್ಲ ಅತ್ತೆ, ಶೋಪೀಸು. ವಿಂಟರಲ್ಲಿ ಬೆಂಕಿ ಹಾಕಿ ಸುತ್ತ ಕೂತ್ಕೋತಾರೆ. ಅಷ್ಟೇ."

"ಮೇಲೆ ಏನೂ ಇಡಲ್ವಾ? ಒಂದು ಚೊಂಬು ನೀರೂ?"

"ಏನೂ ಇಡಲ್ಲ."

ಬೆಂಕಿ ಸುಮ್ಮನೆ ಉರಿಯುವುದನ್ನು ನಾನು ಹೋಳಿಯಲ್ಲಿ, ಮಸಣದಲ್ಲಿ ಮಾತ್ರ ಕಂಡವಳು. ಆದರೂ ಆ ಸೀಳಿಗೆ ಕೈಯಿಟ್ಟು ನೋಡಿದೆ. ಎರಡು ಕಡೆಯ ಅಂಚೂ ಕೆಂಪಗೆ, ಒಳಗಿನವರೆಗೂ ಬೆಂದಿತ್ತು. ಮೆಕ್ಸಿಕೋದ ಕುಂಬಾರ ತನ್ನ ಕೆಲಸ ಸರಿಯಾಗಿಯೇ ಮಾಡಿದ್ದ. ಒಡೆದದ್ದು ಇಲ್ಲಿಗೆ ಬಂದ ಮೇಲೆ.

ಬ್ರಿಸ್ಬೇನ್: ನಾಲ್ಕು ಸಂಜೆ

ಮಹದೇವನ ಮನೆ ಇರುವುದು ನಾರ್ತ್ ಲೇಕ್ಸ್ ಎಂಬಲ್ಲಿ. ಕೆರೆಯನ್ನೂ ಮನೆ ಕಟ್ಟಿದವರೇ ತೋಡಿಸಿದ್ದು, ಕೆರೆಯ ಬಾತುಕೋಳಿಗಳು ಮಾತ್ರ ತಾವಾಗಿ ಬಂದವಂತೆ. ಮನೆಗಳೆಲ್ಲ ಒಂದೇ ಅಚ್ಚಿನ ಇಟ್ಟಿಗೆಯ ಹಾಗೆ. ಬಂದ ಮಾರನೇ ದಿನ ವಾಕಿಂಗ್ ಹೋಗಿ ದಾರಿ ತಪ್ಪಿದೆ. ಬೂದು ಗ್ಯಾರೇಜಿನ ಬಾಗಿಲು, ಪಕ್ಕದಲ್ಲಿ ಎರಡು ಗುಂಡು ಪೊದೆ, ಇದೇ ನಮ್ಮ ಮನೆ ಎಂದು ಬೆಲ್ ಒತ್ತಿದರೆ ಗಡ್ಡದವನೊಬ್ಬ ಟವೆಲಿನಲ್ಲಿ ಬಂದು ನಿಂತ. ನಾನು ಸೆರಗು ಮುಖಕ್ಕೆ ಹಿಡಿದು ಸಾರಿ ಎಂದೆ. ಅವನು ಟವೆಲು ಗಟ್ಟಿಯಾಗಿ ಹಿಡಿದು ನೋ ವರಿಸ್ ಎಂದ. ಮಹದೇವನ ಹೆಂಡತಿ ರೇಖಾ ಇದನ್ನು ಕೇಳಿ ಸೋಫಾದ ಮೇಲೆ ಬಿದ್ದು ನಕ್ಕಳು. ನನ್ನ ಓರಗಿತ್ತಿ ಒಳ್ಳೆಯವಳು, ನನ್ನನ್ನು ಅಕ್ಕ ಎಂದೇ ಕರೆಯುವವಳು.

ಮಹದೇವನೂ ಒಳ್ಳೆಯವನೇ. ಈ ಮಾತು ಮೊದಲೇ ಬರೆದುಬಿಡುತ್ತೇನೆ. ವೀಸಾಕ್ಕೆ ಪತ್ರ ಕಳಿಸಿದವನು ಅವನು. ವಿಮಾನ ನಿಲ್ದಾಣಕ್ಕೆ ಬಂದು ಕಾಲು ಮುಟ್ಟಿ ನಮಸ್ಕಾರ ಮಾಡಿ, ಹದಿನೆಂಟು ಕೆಜಿಯ ಪೆಟ್ಟಿಗೆಯನ್ನು ತಾನೇ ಎತ್ತಿ ಕಾರಿಗೆ ಇಟ್ಟ. ಒಲೆಯನ್ನು ಬಿಚ್ಚಿದಾಗ ಅದರ ಹೊಟ್ಟೆ ಸವರಿ, "ಅತ್ತಿಗೆ, ಏನ್ ಫಿನಿಶಿಂಗು! ಸಿದ್ದ ಸಾಮಾನ್ಯ ಅಲ್ಲ" ಎಂದ. ಅವನ ಅಪ್ಪ, ಅಂದರೆ ನಮ್ಮ ಮಾವನವರು, ತಿಗರಿಯ ಮುಂದೆ ಕೂತೇ ಅವನನ್ನು ಮೆಡಿಕಲ್ ಓದಿಸಿದವರು. ಹುಡುಗನಾಗಿದ್ದಾಗ ಅವನೂ ತಲೆಯ ಮೇಲೆ ಗಡಿಗೆ ಹೊತ್ತು ಸಂತೆಗೆ ನಡೆದಿದ್ದಾನೆ.

ಅಡಿಲೇಡಿನ ಅಂಗಡಿಯವನು ಹೇಳಿದ್ದು ಇಷ್ಟು: ಹೊಸ ಒಲೆ ಬೇಡ, ಬೆಂಕಿ ತಿಂದ ಒಲೆ ತೋರಿಸಿ. ಅದಕ್ಕಾಗಿ ನಾನು ಬ್ರಿಸ್ಬೇನಿನಲ್ಲಿ ಅದನ್ನು ಪಳಗಿಸಬೇಕಿತ್ತು. ಹೊಸ ಗಡಿಗೆಯನ್ನು ಗಂಜಿ ಹಾಕಿ ಪಳಗಿಸುವುದು ಎಲ್ಲರಿಗೂ ಗೊತ್ತು. ಒಲೆಗೂ ಹಾಗೆಯೇ, ಆದರೆ ಗಂಜಿಯ ಬದಲು ಸಣ್ಣ ಬೆಂಕಿ. ಬಸ್ಸು ಹತ್ತಿಸುವಾಗ ಸಿದ್ದರಾಜು ನನ್ನ ಕೈ ಹಿಡಿದು ಹೇಳಿದ್ದ: "ಏಳು ಸಂಜೆ ಕಣಕ್ಕ. ಮೊದಲ್ನೇ ದಿನ ಒಂದು ಹಿಡಿ ಪುಳ್ಳೆ. ದಿನಾ ಒಂದೊಂದು ಹಿಡಿ ಜಾಸ್ತಿ. ತಾನಾಗೇ ಆರ್ಬೇಕು, ನೀರು ತೋರಿಸ್ಬೇಡ. ಏಳು ಆದ್ಮೇಲೆ ಮರದ ದಿಮ್ಮಿನೇ ಹಾಕು, ಏನೂ ಆಗಲ್ಲ."

ಅಂಗನವಾಡಿಯಲ್ಲಿ ದಿನಾ ಎಷ್ಟು ಮಕ್ಕಳು ಬಂದರು, ಎಷ್ಟು ಮೊಟ್ಟೆ ಬೇಯಿಸಿದೆ ಎಂದು ಇಪ್ಪತ್ತಾರು ವರ್ಷ ಬರೆದಿಟ್ಟವಳಿಗೆ ಏಳು ಸಂಜೆಯ ಲೆಕ್ಕ ದೊಡ್ಡದೇನಲ್ಲ. ನನ್ನ ಪುಸ್ತಕದಲ್ಲಿ ಹೀಗಿದೆ:

ಮಂಗಳವಾರ. ತಳಕ್ಕೆ ಒಂದು ಗೇಣು ಮರಳು ಹಾಕಿದೆ. ಒಂದು ಹಿಡಿ ಪುಳ್ಳೆ. ಹೊಟ್ಟೆ ಉಗುರು ಬೆಚ್ಚಗಾಯಿತು, ಅಷ್ಟೇ. ಮಣ್ಣಿನೊಳಗಿನ ತೇವ ಕತ್ತಿನಲ್ಲಿ ಬಿಳಿ ಉಗಿಯಾಗಿ ಬಂತು.

ಬುಧವಾರ. ಎರಡು ಹಿಡಿ. ಪುಳ್ಳೆ ನೀಲಗಿರಿ ಮರದ್ದು, ಹೊಗೆ ನೆಗಡಿಯ ಔಷಧಿಯ ಹಾಗೆ ನಾರುತ್ತದೆ. ಬೇಲಿಯ ಆಚೆಯ ಮನೆಯಾಕೆ ಒಣಹಾಕಿದ ಬಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಹೋಗುವಾಗ ಕೈ ಬೀಸಿದಳು, ಸಿಟ್ಟಿಗೋ ಸ್ನೇಹಕ್ಕೋ ಗೊತ್ತಾಗಲಿಲ್ಲ.

ಗುರುವಾರ. ಮೂರು ಹಿಡಿ. ಕೆರೆಯ ದಂಡೆಯಲ್ಲಿ ಕಡ್ಡಿ ಆರಿಸಿದ್ದಕ್ಕೆ ರೇಖಾ ಬೇಜಾರು. "ಅಕ್ಕ, ಪಾರ್ಕಲ್ಲೆಲ್ಲ ಬಗ್ಗಿ ಆರಿಸ್ಬೇಡಿ ಪ್ಲೀಸ್. ಇವರ ಪೇಷೆಂಟ್ಸೆಲ್ಲ ಅಲ್ಲೇ ಓಡಾಡೋದು. ಸೌದೆ ಬ್ಯಾಗಲ್ಲೇ ಸಿಗುತ್ತೆ."

ಶುಕ್ರವಾರ. ನಾಲ್ಕು ಹಿಡಿ. ಅಂಗೈ ಇಟ್ಟರೆ ಹತ್ತು ಎಣಿಸುವವರೆಗೆ ತಡೆಯಬಹುದು. ಬಣ್ಣ ಗಾಢವಾಗುತ್ತಿದೆ. ಗೆರೆ ಇಲ್ಲ, ಬಿರುಕಿಲ್ಲ.

ಬ್ರಿಸ್ಬೇನ್: ಶನಿವಾರ

ಶನಿವಾರ ಮನೆಗೆ ಜನ ಬರುವವರಿದ್ದರು. ಎಲ್ಲರೂ ಕರ್ನಾಟಕದ ಡಾಕ್ಟರುಗಳು, ಅವರ ಸಂಸಾರಗಳು. ಬೆಳಿಗ್ಗೆ ಮಹದೇವ ಫೋರ್ಟಿಟ್ಯೂಡ್ ವ್ಯಾಲಿಯ ಕಡೆ ಹೋಗಿ ಮೀನು ತಂದ. ಬರುವಾಗ ಪೆಟ್ರೋಲ್ ಬಂಕಿನಿಂದ ಎರಡು ಚೀಲ ಸೀಳಿದ ಸೌದೆಯನ್ನೂ ತಂದ. ಬಂಕಿಗೆ ಅವರೆಲ್ಲ ಸರ್ವೋ ಎನ್ನುತ್ತಾರೆ. ಸೌದೆ ಕಂಡು ಅವನ ಹಿಂದೆಯೇ ಹಿತ್ತಲಿಗೆ ಹೋದೆ.

"ಇವತ್ತು ಒಲೆ ಹಚ್ಚೋದಲ್ಲ ತಾನೇ ಮಹದೇವ?" ಎಂದೆ.

"ಹಚ್ಚೋಣ ಅತ್ತಿಗೆ! ಅದಕ್ಕೇ ಎಲ್ರನ್ನೂ ಕರೆದಿರೋದು. ಆರ್ವೋದಲ್ಲಿ, ಅಂದ್ರೆ ಮಧ್ಯಾಹ್ನದ ಮೇಲೆ ಬರ್ತಾರೆ, ಮೀನು ಸುಟ್ಟು ಬಾರ್ಬಿ ಮಾಡಿ, ಕತ್ತಲಾಗ್ತಿದ್ದಂಗೆ ಚಿಮಿನೇಯಾ ಸುತ್ತ ಕೂರೋದು."

"ಇನ್ನೂ ಮೂರು ಸಂಜೆ ಬಾಕಿ ಇದೆಯಪ್ಪ."

"ನಾಲ್ಕು ಆಯ್ತಲ್ಲ. ಆವಿಗೇಲಿ ಅಷ್ಟು ಬೆಂಕಿ ತಿಂದಿರೋ ಮಣ್ಣು, ಇಷ್ಟಕ್ಕೆ ಏನಾಗುತ್ತೆ?"

"ಅದು ಬೇರೆ ಬೆಂಕಿ, ಇದು ಬೇರೆ. ನಿಂಗೊತ್ತಿಲ್ವಾ?"

ಅವನಿಗೆ ಗೊತ್ತಿತ್ತು. ಆವಿಗೆಯ ಬೆಂಕಿ ಒಂದು ರಾತ್ರಿ ಒಂದು ಹಗಲು ಮೆಲ್ಲಗೆ ಏರುತ್ತದೆ, ಒಳಗೂ ಹೊರಗೂ ಒಟ್ಟಿಗೆ. ಒಲೆಯ ಬೆಂಕಿ ಒಳಗಷ್ಟೇ. ಕುಂಬಾರರ ಮನೆಯ ಐದು ವರ್ಷದ ಮಗುವಿಗೂ ತಿಳಿದ ವಿಷಯ. ಅವನು ನಕ್ಕು, ನನ್ನ ಹೆಗಲ ಮೇಲೆ ಕೈ ಹಾಕಿ, "ಸುಮ್ನೆ ಟೆನ್ಷನ್ ತಗೋತೀರ ನೀವು" ಎಂದು ಒಳಗೆ ಹೋದ.

ಸಂಜೆ ಇನ್ನೊಮ್ಮೆ ಹೇಳಿದೆ, ಅತಿಥಿಗಳ ಎದುರಿಗೇ. ಆಗ ಒಬ್ಬರು, ಹಲ್ಲಿನ ಡಾಕ್ಟರಂತೆ, "ಆಂಟಿ, ನೀವು ಬನ್ನಿ ಈ ಕಡೆ, ಬೆಂಕಿ ವಿಷ್ಯ ಗಂಡಸ್ರಿಗೆ ಬಿಡಿ. ಇಲ್ಲಿ ಬಾರ್ಬಿ ನಾವೇ ಮಾಡೋದು, ಒಳ್ಳೆ ಛಾನ್ಸು, ರೆಸ್ಟ್ ತಗೊಳ್ಳಿ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಹೋಗಿ ಕೋಸಂಬರಿಗೆ ಸೌತೆಕಾಯಿ ಕೊಚ್ಚುತ್ತ ಕೂತೆ. ಕಿಟಕಿಯಿಂದ ಹಿತ್ತಲು ಕಾಣುತ್ತಿತ್ತು. ಮಕ್ಕಳೆಲ್ಲ ಒಲೆಯ ಸುತ್ತ ಇಂಗ್ಲಿಷಿನಲ್ಲಿ ಕಿರುಚಾಡುತ್ತಿದ್ದರು. ಮಹದೇವ ಬಂದವರಿಗೆ ಹೇಳುತ್ತಿದ್ದ: "ನಮ್ಮೂರ ಕಡೆ ಆರ್ಟಿಸನ್ಸ್ ಮಾಡಿರೋದು. ಕಂಪ್ಲೀಟ್ ಹ್ಯಾಂಡ್‌ಮೇಡ್." ಅತ್ತಿಗೆಯ ತಮ್ಮ ಮಾಡಿದ್ದು ಎನ್ನಲಿಲ್ಲ. ತನ್ನಪ್ಪನೂ ಇದೇ ಕೆಲಸ ಮಾಡುತ್ತಿದ್ದರು ಎನ್ನಲಿಲ್ಲ. ಎಂಟು ತುಂಡು ಸೌದೆ ತುಂಬಿದ, ಬೆಂಕಿ ಬೇಗ ಹತ್ತುವ ಬಿಳಿ ಬಿಲ್ಲೆ ನಾಲ್ಕು ಇಟ್ಟ, ಕಡ್ಡಿ ಗೀರಿದ.

ಚೆನ್ನಾಗಿಯೇ ಹತ್ತಿತು. ಕತ್ತಿನಿಂದ ಜ್ವಾಲೆ ಮೇಲಕ್ಕೆ ಬಂದಾಗ ಎಲ್ಲರೂ ಓ ಎಂದು ಫೋನು ಎತ್ತಿದರು. ನನಗೂ ಒಂದು ಗಳಿಗೆ ಹೆಮ್ಮೆಯಾಯಿತು. ಏನೂ ಆಗುವುದಿಲ್ಲವೇನೋ, ನನ್ನದೇ ಹೆದರಿಕೆ ಜಾಸ್ತಿಯೇನೋ ಎಂದುಕೊಂಡೆ.

ಆಮೇಲೆ ಠಪ್ ಎಂದಿತು. ದೊಡ್ಡ ಸದ್ದೇನಲ್ಲ, ತೆಂಗಿನಕಾಯಿ ಒಡೆದಷ್ಟು. ಬಾಯಿಯ ಮೇಲಂಚಿನಿಂದ ಕತ್ತಿನವರೆಗೆ ಒಂದು ಗೆರೆ ಓಡಿ, ಗೆರೆಯೊಳಗೆ ಬೆಂಕಿ ಕಂಡಿತು. ಬಾಯಿಯ ಅಂಚಿನಿಂದ ಅಂಗೈಯಗಲದ ಚೂರು ಕಳಚಿ ಹುಲ್ಲಿನ ಮೇಲೆ ಬಿತ್ತು. ಮಕ್ಕಳನ್ನು ಹಿಂದಕ್ಕೆಳೆದರು. ಯಾರಿಗೂ ಏನೂ ಆಗಲಿಲ್ಲ, ಅದೊಂದು ಪುಣ್ಯ.

"ಡಾಕ್ಟ್ರೇ, ಮೆಕ್ಸಿಕೋದ್ದೇ ತಗೋಬೇಕಿತ್ತು ನೀವು!" ಎಂದರು ಹಲ್ಲಿನ ಡಾಕ್ಟರು.

ಮಹದೇವನ ಮುಖ ಕೆಂಪಾಗಿತ್ತು. ಬೆಂಕಿಗೋ ನಾಚಿಕೆಗೋ. ನನ್ನ ಕಡೆ ಒಮ್ಮೆ ನೋಡಿದ. ಆಮೇಲೆ ಅವರತ್ತ ತಿರುಗಿ, "ಸರಿಯಾಗಿ ಸುಟ್ಟಿಲ್ಲ ಅನ್ಸುತ್ತೆ. ಹಸಿ ಉಳ್ಕೊಂಡಿದೆ. ಈಗ ಆ ಕೆಲ್ಸ ಬಲ್ಲೋರು ಯಾರಿದಾರೆ ನಮ್ಮೂರಲ್ಲಿ?" ಎಂದ.

ಸೌತೆಕಾಯಿಯ ಚಾಕು ನನ್ನ ಕೈಯಲ್ಲೇ ಇತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು: ಇನ್ನೂ ಮೂರು ಸಂಜೆ ಬಾಕಿ ಇತ್ತು ಅಂತ ಎರಡು ಸಲ ಹೇಳಿದ್ದೆನಲ್ಲಪ್ಪ. ಇಷ್ಟೇ. ಆದರೆ ಅವನ ಮನೆ, ಅವನ ಅತಿಥಿಗಳು, ಅವನು ಕೊಡಿಸಿದ ಸ್ವೆಟರು ನನ್ನ ಮೈಮೇಲೆ. ಹತ್ತು ಜನರ ಮುಂದೆ ಮನೆಯ ಯಜಮಾನನನ್ನು ಸುಳ್ಳನೆನ್ನುವುದು ಹೇಗೆ? ನಾನು ಮತ್ತೆ ಸೌತೆಕಾಯಿ ಕೊಚ್ಚತೊಡಗಿದೆ. ಜನ ಗ್ಯಾಸಿನ ಹೀಟರಿನ ಕಡೆ ಕುರ್ಚಿ ಎಳೆದುಕೊಂಡರು. ಕೋಸಂಬರಿ ಚೆನ್ನಾಗಿದೆ ಎಂದು ಮೂವರು ಹೇಳಿದರು.

ಬ್ರಿಸ್ಬೇನ್: ಭಾನುವಾರದಿಂದ ಬುಧವಾರ

ಭಾನುವಾರ ಮಧ್ಯಾಹ್ನ, ಊರಲ್ಲಿ ಬೆಳಿಗ್ಗೆ ಎಂಟೂವರೆ, ಮಹದೇವನೇ ಸಿದ್ದರಾಜುವಿಗೆ ವಿಡಿಯೋ ಕಾಲ್ ಮಾಡಿದ. ನಾನು ಪಕ್ಕದಲ್ಲಿ ಟೀ ಲೋಟ ಹಿಡಿದು ಕೂತಿದ್ದೆ.

"ತಲೆ ಕೆಡಿಸ್ಕೋಬೇಡ ಕಣೋ ಸಿದ್ದ," ಎಂದ, ಪೇಷೆಂಟಿಗೆ ಹೇಳುವಷ್ಟು ಮೃದುವಾಗಿ. "ನೀನು ಪ್ರಯತ್ನ ಪಟ್ಟೆಯಲ್ಲ, ಅದೇ ದೊಡ್ಡದು. ಬೆಂಕಿ ಹಾಕಿದ ತಕ್ಷಣ ಸೀಳ್ಬಿಡ್ತು. ಎಲ್ಲೋ ಸುಡೋದ್ರಲ್ಲಿ ಸ್ವಲ್ಪ ಕಮ್ಮಿ ಆಗಿರ್ಬೇಕು."

ಸಿದ್ದರಾಜು ಮೆಲ್ಲಗೆ, "ಇರ್ಬೋದು ಭಾವ. ಆ ಸಲ ಸೌದೆ ಒಂಚೂರು ತೇವ ಇತ್ತು. ಕೊನೇ ಜಾವದಲ್ಲಿ ನಾನು ಕಣ್ಣು ಮುಚ್ಚಿದ್ದೆ, ಉರಿ ಇಳಿದಿತ್ತೇನೋ" ಎಂದ.

ತಪ್ಪೇ ಮಾಡದವನು ತನ್ನ ತಪ್ಪನ್ನು ತಾನೇ ಹುಡುಕಿಕೊಡುತ್ತಿದ್ದ. ಮಹದೇವ ತಲೆಯಾಡಿಸುತ್ತಿದ್ದ.

"ಅಕ್ಕ ಎಲ್ಲಿ ಭಾವ?"

ಫೋನನ್ನು ನನ್ನ ಕಡೆ ತಿರುಗಿಸಿದ. ತಮ್ಮನ ಮುಖ ಅಂಗೈಯಗಲ ಕಂಡಿತು. ಹಿಂದೆ ಅಂಗಳ, ಸಾಲಾಗಿ ಬೋರಲು ಹಾಕಿದ ಒಲೆಗಳು. ಅವನು ಕಾಯುತ್ತಿದ್ದ.

"ತಿಂಡಿ ಆಯ್ತೇನೋ?" ಎಂದೆ.

"ಆಯ್ತಕ್ಕ," ಎಂದ.

ಸಂಜೆ ನಮ್ಮೆಜಮಾನರಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು, "ಅವನ ಮನೇಲಿದ್ಕೊಂಡು ಅವನ ಮಾತು ಸುಳ್ಳು ಮಾಡ್ಬೇಡ ಮಾರಾಯ್ತಿ. ವಾಪಸ್ ಬಾ, ಆಮೇಲೆ ಸಿದ್ದನಿಗೆ ಕೂತು ಹೇಳಿದ್ರಾಯ್ತು. ಮಣ್ಣಿನ ಸಾಮಾನಿಗೋಸ್ಕರ ಅಣ್ಣತಮ್ಮಂದಿರ ಮಧ್ಯೆ ಬಿರುಕು ಬೇಕಾ?" ಎಂದರು. ಸರಿ ಎನಿಸಿತು. ಸರಿ ಎನಿಸುವುದೇ ನನಗೆ ಸುಲಭವಾಗಿತ್ತು.

ಸೋಮವಾರದ ಪುಟದಲ್ಲಿ "ಸಿದ್ದನಿಗೆ ಹೇಳಬೇಕು" ಎಂದು ಬರೆದಿದ್ದೇನೆ. ಅದೇ ದಿನ ರೇಖಾ ಸಮುದ್ರ ತೋರಿಸಲು ಕರೆದುಕೊಂಡು ಹೋದಳು. ಮರಳು ತುಳಿದರೆ ಕೀಚ್ ಕೀಚ್ ಎನ್ನುತ್ತದೆ. ಮಂಗಳವಾರದ ಪುಟದಲ್ಲೂ "ಸಿದ್ದನಿಗೆ ಹೇಳಬೇಕು" ಎಂದಿದೆ, ಕೆಳಗೆ ಗೆರೆ ಎಳೆದಿದ್ದೇನೆ. ಆ ದಿನ ಒಲೆಯನ್ನು ಕಸದವರಿಗಾಗಿ ಹೊರಗಿಟ್ಟರು. ಕಳಚಿ ಬಿದ್ದ ಚೂರನ್ನು ನಾನು ಎತ್ತಿಟ್ಟುಕೊಂಡೆ. ಬುಧವಾರದ ಪುಟದಲ್ಲಿ ಬಟ್ಟೆ ಮಡಿಸಿಟ್ಟದ್ದು, ಟಿಕೆಟ್ಟು, ಗುಳಿಗೆ ಇಷ್ಟೇ ಇದೆ.

ಹೊರಡುವಾಗ ಮಹದೇವ, "ಅಡಿಲೇಡಿಗೆ ಹೇಗೂ ಟಿಕೆಟ್ ಆಗಿದೆ, ಹೋಗಿ ಊರು ನೋಡ್ಕೊಂಡು ಬನ್ನಿ ಅತ್ತಿಗೆ. ಅಂಗಡಿಯವರಿಗೆ ನಾನು ಮೆಸೇಜ್ ಮಾಡ್ತೀನಿ, ಬೇಡ ಅಂತ" ಎಂದ.

"ನೀನು ಮಾಡ್ಬೇಡ. ನಾನೇ ಹೇಳ್ತೀನಿ," ಎಂದೆ. ಆ ಮನೆಯಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಆಡಿದ ಮಾತು ಅದೊಂದೇ.

ಅಡಿಲೇಡ್: ಗುರುವಾರ

ಅಡಿಲೇಡಿನ ಚಳಿ ನಮ್ಮ ಕಡೆಯ ಚಳಿಯಲ್ಲ, ಒದ್ದೆ ಬಟ್ಟೆ ಮೈಗೆ ಸುತ್ತಿದಂತೆ. ಕಾವ್ಯ ಎರಡು ದಿನ ಕೆಲಸ ತಪ್ಪಿಸಿ ಪರ್ತಿನಿಂದ ಬಂದಿದ್ದಳು, ನನ್ನ ಇಂಗ್ಲಿಷಿಗೆ ಊರುಗೋಲಾಗಿ. ದಾರಿಯಲ್ಲಿ ಅವಳಿಗೆ ಎಲ್ಲ ಹೇಳಿದೆ. ಅವಳು ಬಸ್ಸಿನ ಕಿಟಕಿಯ ಮಂಜು ಒರೆಸುತ್ತ, "ಮಾಮ ಯಾವಾಗ್ಲೂ ಹಿಂಗೇ. ಆದ್ರೆ ನೀವ್ಯಾಕೆ ಸುಮ್ನಿದ್ರಿ?" ಎಂದಳು. ಇಲ್ಲಿ ಎರಡು ವರ್ಷ ಇದ್ದವಳು, ಕೇಳುವುದು ಅವಳಿಗೆ ಸುಲಭ.

ಅಂಗಡಿ ಗುಡ್ಡದ ದಾರಿಯಲ್ಲಿತ್ತು. ಯಜಮಾನನ ಹೆಸರು ಟೆರ್ರಿ. ಅರವತ್ತು ದಾಟಿದವನು, ಬೆರಳ ಸಂದಿಗಳಲ್ಲಿ ಮಣ್ಣು. ಹೊರಗೆ ತಗಡಿನ ಮಾಡಿನ ಕೆಳಗೆ ಮೂವತ್ತು ನಲವತ್ತು ಚಿಮಿನೇಯಾ ನಿಂತಿದ್ದವು: ಸೂರ್ಯನ ಮುಖದವು, ಹಲ್ಲಿಯವು, ಏನೂ ಇಲ್ಲದ ಬೋಳು ಹೊಟ್ಟೆಯವು. ಕೂಡುರಸ್ತೆಯ ನಲ್ಲಿಯ ಮುಂದೆ ನಮ್ಮ ಹೆಂಗಸರು ಬಿಂದಿಗೆ ಹಿಡಿದು ಸರದಿ ನಿಂತಂತೆ ಕಂಡಿತು.

ಒಲೆ ತರಲಿಲ್ಲ, ಒಡೆಯಿತು ಎಂದು ಕಾವ್ಯ ಹೇಳಿದಳು. ನಾನು ಚೂರನ್ನು ಕೈಚೀಲದಿಂದ ತೆಗೆದುಕೊಟ್ಟೆ. ಕ್ಷಮೆ ಕೇಳಿ ಹೊರಟುಬಿಡೋಣ ಎಂದಿದ್ದೆ. ಅವನು ಕನ್ನಡಕ ಹಾಕಿಕೊಂಡು ಒಡೆದ ಅಂಚನ್ನು ಬೆಳಕಿಗೆ ಹಿಡಿದ. ತುದಿಯಿಂದ ಕಾಳಿನಷ್ಟು ಮುರಿದು ನೋಡಿದ. ನಾಲಿಗೆಗೆ ತಾಗಿಸಿದ, ಥೇಟ್ ನಮ್ಮಪ್ಪ ಮಾಡುತ್ತಿದ್ದ ಹಾಗೆ. ಕೊನೆಗೆ ಕಲ್ಲಿನ ಮೇಲೆ ತಟ್ಟಿ ಕಿವಿಗೊಟ್ಟ.

ಕಾವ್ಯ ಅವನ ಮಾತನ್ನು ನನಗೆ ತಿರುಗಿಸಿ ಹೇಳಿದಳು: "ಸುಟ್ಟಿದ್ದು ಚೆನ್ನಾಗೇ ಇದೆಯಂತೆ ಅತ್ತೆ. ನಡುವೆ ಕಪ್ಪಿಲ್ಲ, ಪೂರ್ತಿ ಬೆಂದಿದೆಯಂತೆ. ಯಾರೋ ಅವಸರದಲ್ಲಿ ದೊಡ್ಡ ಬೆಂಕಿ ಹಾಕಿದಾರೆ ಅಂತಿದಾರೆ."

ಅವನು ನಮ್ಮನ್ನು ಮಾಡಿನ ಹಿಂದಕ್ಕೆ ಕರೆದೊಯ್ದ. ಅಲ್ಲೊಂದು ಗುಡ್ಡೆ. ಎಲ್ಲ ಗಿರಾಕಿಗಳು ವಾಪಸು ತಂದವು, ಎಲ್ಲವೂ ಬಾಯಿಯಿಂದ ಕತ್ತಿಗೆ ಸೀಳಿದವು. ಪ್ರತಿ ಚಳಿಗಾಲವೂ ಬರುತ್ತಾರಂತೆ. ಎಲ್ಲರೂ ಒಂದೇ ಮಾತು ಹೇಳುತ್ತಾರಂತೆ: ಸಣ್ಣ ಬೆಂಕಿಯನ್ನೇ ಹಾಕಿದ್ದೆವು, ನಿಮ್ಮ ಮಣ್ಣೇ ಸರಿಯಿಲ್ಲ. ಅವನು ಭುಜ ಹಾರಿಸಿದ. ಮಾಡಿದವನು ಸಾವಿರಾರು ಮೈಲಿ ದೂರ ಇದ್ದಾನಲ್ಲ, ಬಂದು ಉತ್ತರ ಹೇಳುವುದಿಲ್ಲ, ಅದಕ್ಕೆ ತಪ್ಪು ಅವನದೇ ಆಗುತ್ತದೆ ಎಂದ.

ನಾನು ಆ ಗುಡ್ಡೆಯಿಂದ ಒಂದು ಚೂರು ಎತ್ತಿ ಅದರ ಅಂಚು ನೋಡಿದೆ.

"ಎಷ್ಟಿದೆ ನಿಮ್ಮ ಹತ್ರ ಅಂತ ಕೇಳ್ತಿದಾರೆ," ಎಂದಳು ಕಾವ್ಯ. ಅವಳ ದನಿ ಏರಿತ್ತು. "ಈ ಬಾಯಿಯ ಅಂಚು ಮಡಿಸಿರೋದು ತುಂಬಾ ಹಿಡಿಸ್ತಂತೆ. ಕಳಿಸಿ ಅಂತಿದಾರೆ ಅತ್ತೆ!"

"ಹನ್ನೊಂದು," ಎಂದೆ. ಎರಡೂ ಕೈಯ ಬೆರಳು ತೋರಿಸಿ, ಮತ್ತೆ ಒಂದು ತೋರಿಸಿದೆ. ಟೆರ್ರಿ ತಲೆಯಾಡಿಸಿದ. ಹನ್ನೊಂದೂ ಬೇಕಂತೆ, ಮುಂದಿನ ಚಳಿಗಾಲಕ್ಕೆ ಇನ್ನೂ ಬೇಕಾಗಬಹುದಂತೆ.

ಅಲ್ಲೇ ನಿಂತು ಸಿದ್ದರಾಜುವಿಗೆ ಫೋನು ಮಾಡಿದೆ. ಊರಲ್ಲಿ ಬೆಳಿಗ್ಗೆ ಏಳು. ಎತ್ತಿದಾಗ ಬಸ್ಸಿನ ಗದ್ದಲ.

"ಎಲ್ಲಿದೀಯೋ?"

"ಬಸ್ಸಲ್ಲಿ ಕಣಕ್ಕ. ಫ್ಯಾಕ್ಟರಿ ಹತ್ರ ಹೋಗ್ತಿದೀನಿ. ಗೇಟಲ್ಲಿ ಒಂದು ಜಾಗ ಖಾಲಿ ಇದೆಯಂತೆ."

"ಇಳಿದ್ಬಿಡು. ಇಳಿದು ಮನೆಗೆ ಹೋಗು. ಹನ್ನೊಂದೂ ಬೇಕಂತೆ ಕಣೋ! ಒಡೆದದ್ದು ನಿನ್ನ ತಪ್ಪಲ್ಲ. ಏಳು ಸಂಜೆ ಆಗಿರ್ಲಿಲ್ಲ. ನಾಲ್ಕೇ ಆಗಿದ್ದಿದ್ದು. ನಾನು ಬೇಡ ಅಂದೆ, ಮಹದೇವ ಕೇಳ್ಲಿಲ್ಲ. ಎರಡು ಚೀಲ ಸೌದೆ ತಂದು ತುಂಬ್ಬಿಟ್ಟ. ಇಲ್ಲಿ ಅಂಗಡಿಯವ್ರು ಚೂರು ನೋಡಿನೇ ಹೇಳಿದ್ರು, ನಿನ್ನ ಸುಡೋದ್ರಲ್ಲಿ ಒಂದು ಕೂದ್ಲಷ್ಟೂ ದೋಷ ಇಲ್ಲ ಅಂತ."

ಕೇಳಿಸಿತೋ ಇಲ್ಲವೋ ಎಂದು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ಸಿದ್ದಾ?"

"ಒಡೆದ್ಹಾಕ್ದೆ ಅಕ್ಕ."

"ಯಾವ್ದನ್ನ?"

"ಹನ್ನೊಂದನ್ನೂ. ಭಾನುವಾರನೇ. ಅಪ್ಪ ಏನ್ಮಾಡೋರು ಗೊತ್ತಲ್ಲ ನಿಂಗೆ. ಒಂದು ಆವಿಗೇಲಿ ಒಂದು ಹಸಿ ಉಳೀತು ಅಂದ್ರೆ ಆ ಆವಿಗೇದು ಯಾವ್ದೂ ಜನರ ಮನೆ ಸೇರಬಾರ್ದು. ಭಾವ ಫೋನಿಟ್ಟ ಮೇಲೆ ಸುತ್ತಿಗೆ ತಗೊಂಡೆ. ನೆನ್ನೆ ಆವಿಗೆ ಗೋಡೆನೂ ಇಳಿಸ್ದೆ. ಇಟ್ಟಿಗೆ ಪಕ್ಕದ ಮನೆಯವ್ರು ಕೊಟ್ಟಿಗೆಗೆ ತಗೊಂಡ್ರು."

ನನಗೆ ಗೊತ್ತಿತ್ತು. ಅಪ್ಪ ಹಾಗೆ ಒಡೆಯುವಾಗ ಚೂರು ಹೊತ್ತು ಹಾಕಿದವಳು ನಾನೇ. ಭಾನುವಾರ ಟೀ ಲೋಟ ಹಿಡಿದು ಕೂತಾಗ ಅದು ನನ್ನ ತಲೆಗೆ ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬಂದಿತ್ತು. ಐದು ತಿಂಗಳ ದುಡಿಮೆಯನ್ನು ಯಾರು ಒಡೆಯುತ್ತಾರೆ ಎಂದು ಅದನ್ನು ಪಕ್ಕಕ್ಕೆ ಸರಿಸಿದ್ದೆ.

"ಭಾವ ಫೋನ್ ಮಾಡ್ದಾಗ ನೀನು ಅಲ್ಲೇ ಇದ್ದೆ ಅಲ್ವಾ ಅಕ್ಕ?" ಎಂದ. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು.

"ಇದ್ದೆ."

"ನಾನು ನಿನ್ನ ಮುಖನೇ ನೋಡ್ತಿದ್ದೆ. ನೀನು ತಿಂಡಿ ಆಯ್ತಾ ಅಂದೆ. ಸರಿ, ಹಂಗಾದ್ರೆ ನಿಜಾನೇ ಇರ್ಬೇಕು ಅನ್ಕೊಂಡೆ." ಆಮೇಲೆ, "ಸ್ಟಾಪ್ ಬಂತು ಅಕ್ಕ, ಇಡ್ತೀನಿ" ಎಂದ.

ಟೆರ್ರಿ ಒಳಗಿನಿಂದ ಒಂದು ಕಾಗದ, ಪೆನ್ನು ತಂದು ನಗುತ್ತ ನಿಂತಿದ್ದ. ಕಾವ್ಯಳಿಗೆ ಇನ್ನೂ ಗೊತ್ತಿರಲಿಲ್ಲ.

"ಅತ್ತೆ, ಯಾವಾಗ ಕಳಿಸ್ತೀರ ಅಂತ ಕೇಳ್ತಿದಾರೆ."

"ಇಲ್ಲ ಅಂತ ಹೇಳು. ಎಲ್ಲ ಒಡೆದುಹೋಗಿದೆ."

"ಒಡೆದುಹೋಗಿದೆಯಾ? ಯಾರು ಒಡೆದ್ರು?"

"ನಾನು ಅಂತ ಹೇಳು."

ಅವಳು ನನ್ನ ಮುಖ ನೋಡಿದಳು. ಆಮೇಲೆ ಟೆರ್ರಿಗೆ ಏನೋ ಹೇಳಿದಳು, ನಾನು ಹೇಳಿದ್ದನ್ನೇ ಹೇಳಿದಳೋ ಇಲ್ಲವೋ ಕೇಳಲಿಲ್ಲ. ಅವನು ಕಾಗದವನ್ನು ನಾಲ್ಕು ಮಡಿಕೆ ಮಡಿಸಿ ಜೇಬಿಗಿಟ್ಟುಕೊಂಡ. ಚೂರನ್ನು ನನ್ನ ಕೈಗೆ ಕೊಟ್ಟು, ಹೊರಗೆ ಹಲ್ಲಿಯ ಚಿತ್ರದ ಒಲೆಯ ಮುಂದೆ ನಿಂತಿದ್ದ ಗಂಡಹೆಂಡಿರ ಕಡೆ ನಡೆದ. ಮೊದಲ ದಿನ ಎಷ್ಟು ಸಣ್ಣ ಬೆಂಕಿ ಹಾಕಬೇಕು ಎಂದು ಬೆರಳಿನಲ್ಲಿ ತೋರಿಸುತ್ತಿದ್ದ. ಅವರು ಫೋನು ನೋಡುತ್ತ ಹೂಂಗುಟ್ಟುತ್ತಿದ್ದರು.